ಮೂರನೆಯ ಇನ್‌ಪುಟ್

ಅವನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಹತ್ತನೆಯ ವಯಸ್ಸಿನಲ್ಲಿ ಬಂದ ಜ್ವರ ಬಿಟ್ಟುಹೋಗುವಾಗ ಅದನ್ನೂ ಜೊತೆಗೆ ಒಯ್ದಿತ್ತು. ಗ್ಯಾರೇಜಿನಲ್ಲಿ ಕೆಲಸ ಮಾಡುವವನಿಗೆ ಅದು ಎಷ್ಟು ದೊಡ್ಡ ಕೊರತೆ ಎಂಬುದು ಸೇರಿದ ಮೊದಲ ವಾರದಲ್ಲೇ ಗೊತ್ತಾಗಿತ್ತು. ಅಲ್ಲಿ ಎಲ್ಲರೂ ಗಾಡಿಯನ್ನು ಮೊದಲು ಮೂಗಿನಿಂದ ನೋಡುತ್ತಿದ್ದರು, ಕಣ್ಣಿನ ಸರದಿ ಆಮೇಲೆ. ಬಾನೆಟ್ ಎತ್ತಿದ ಕೂಡಲೇ ಒಬ್ಬರು ಕ್ಲಚ್ ಸುಟ್ಟಿದೆ ಎನ್ನುತ್ತಿದ್ದರು, ಇನ್ನೊಬ್ಬರು ಅಲ್ಲ, ಬೆಲ್ಟು ಎನ್ನುತ್ತಿದ್ದರು. ಅವನು ಇಬ್ಬರಿಗೂ ತಲೆಯಾಡಿಸುತ್ತಿದ್ದ. ಈಗ ಅವನಿಗೆ ಇಪ್ಪತ್ತೆಂಟು ವರ್ಷ. ತಲೆಯಾಡಿಸುವುದು ಎಷ್ಟು ರೂಢಿಯಾಗಿತ್ತೆಂದರೆ, ಯಾರಾದರೂ ಮೂಗು ಅರಳಿಸಿದರೆ ಸಾಕು, ಅವನ ಕತ್ತು ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು. ಬಹುಶಃ ಅದಕ್ಕೇ ಅವನು ಟ್ಯೂನಿಂಗ್ ಕೆಲಸ ಹಿಡಿದಿದ್ದ. ಎಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕು, ಎಷ್ಟು ಗಾಳಿ ಸಾಕು ಎಂಬುದನ್ನು ಲ್ಯಾಪ್‌ಟಾಪಿನಲ್ಲಿ ತಿದ್ದುವ ಕೆಲಸ ಅದು. ಅಲ್ಲಿ ಎಲ್ಲವೂ ಅಂಕಿಯಾಗಿ ಬರುತ್ತಿತ್ತು.

ಈ ಹೊತ್ತು ಅಂಕಿಗಳೇ ಕೈಕೊಟ್ಟಿದ್ದವು. ಬೆಳಗಿನ ಒಂಬತ್ತೂ ಕಾಲು. ಪಶುವೈದ್ಯೆಯ ಪಿಕಪ್ ಗಾಡಿ ಶೆಡ್ಡಿನ ಕೊನೆಯ ಅಂಕಣದಲ್ಲಿ ಬಾನೆಟ್ ತೆರೆದುಕೊಂಡು ನಿಂತಿತ್ತು. ಅವನು ಡ್ರೈವರ್ ಸೀಟಿನಲ್ಲಿ ಕೂತು ಅಂಗೈಯಗಲದ ಕಪ್ಪು ಡಬ್ಬಿಯ ಪರದೆಯನ್ನು ನೋಡುತ್ತಿದ್ದ. ಗ್ಯಾರೇಜಿನಲ್ಲಿದ್ದ ಟ್ಯೂನಿಂಗ್ ಡಿವೈಸ್ ಇದೊಂದೇ. ಅದರ ಬೆನ್ನಿನಲ್ಲಿ ನಾಲ್ಕು ಇನ್‌ಪುಟ್‌ಗಳು: ಹೊರಗಿನ ಸೆನ್ಸರ್‌ಗಳ ವೈರು ಬಂದು ಸೇರುವ ನಾಲ್ಕು ತೂತು. ಹೊಗೆಯಲ್ಲಿ ಉಳಿದ ಗಾಳಿ, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋದ ಒತ್ತಡ, ಹೊಗೆಕೊಳವೆಯ ಬಿಸಿ, ಡೀಸೆಲಿನ ಒತ್ತಡ. ಒಂದೊಂದೂ ಸೊನ್ನೆಯಿಂದ ಐದು ವೋಲ್ಟಿನೊಳಗೆ ಏರಿಳಿಯುತ್ತ ತನ್ನ ಸಮಾಚಾರ ಹೇಳಬೇಕು. ನಾಲ್ಕೂ ಐದು ಎನ್ನುತ್ತಿದ್ದವು. ಎಂಜಿನ್ ಚಾಲೂ ಮಾಡಿದ, ಐದು. ಆಕ್ಸಿಲರೇಟರ್ ಒತ್ತಿದ, ಐದು. ಎಂಜಿನ್ ಆರಿಸಿದ, ಐದು. ಏನು ಕೇಳಿದರೂ ಒಂದೇ ಉತ್ತರ ಕೊಡುವ ನಾಲ್ಕು ಮಂದಿ ಸಾಕ್ಷಿಗಳ ಎದುರು ಕೂತ ಹಾಗಾಗಿತ್ತು.

ಐದಕ್ಕೆ ಎರಡು ಅರ್ಥ. ವೈರು ಎಲ್ಲೋ ಬಿಟ್ಟುಹೋಗಿ ಇನ್‌ಪುಟ್ಟಿಗೆ ಏನೂ ತಲುಪದಿದ್ದರೆ ಡಿವೈಸ್ ಐದು ತೋರಿಸುತ್ತದೆ. ಇನ್‌ಪುಟ್ ಒಳಗೇ ಸುಟ್ಟುಹೋಗಿದ್ದರೂ ಐದನ್ನೇ ತೋರಿಸುತ್ತದೆ. ಕೇಳಿಸದೆ ಸುಮ್ಮನಿರುವವನೂ ಸತ್ತವನೂ ಹೊರಗಿನಿಂದ ಒಂದೇ ಥರ ಕಾಣುತ್ತಾರೆ. ಎರಡನೆಯ ಅರ್ಥವನ್ನೇ ಅವನ ಮನಸ್ಸು ಮತ್ತೆ ಮತ್ತೆ ಹಿಡಿಯುತ್ತಿತ್ತು. ಏಕೆಂದರೆ ನಿನ್ನೆ ಮಧ್ಯಾಹ್ನ ಒಂದು ಸದ್ದಾಗಿತ್ತು. ಉಗುರು ಕತ್ತರಿಸಿದಷ್ಟೇ ಸದ್ದು, ಟಿಕ್. ಸೆನ್ಸರ್‌ಗೆ ಬ್ಯಾಟರಿಯಿಂದ ಹನ್ನೆರಡು ವೋಲ್ಟ್ ಹೋಗುವ ವೈರನ್ನು ಅವನು ಅರೆಕ್ಷಣ ಇನ್‌ಪುಟ್ಟಿಗೆ ಮುಟ್ಟಿಸಿದ್ದ. ಬಣ್ಣ ಬೇರೆ ಇದ್ದಿದ್ದರೆ ಮುಟ್ಟಿಸುತ್ತಿರಲಿಲ್ಲ. ಆದರೆ ಅವನ ಗಾಡಿಗಳಲ್ಲಿ ಎಲ್ಲ ವೈರೂ ಕಪ್ಪು. ಅದು ಅವನೇ ತಂದ ಪದ್ಧತಿ. ಫೋಟೋದಲ್ಲಿ ಎಂಜಿನ್ ಚೊಕ್ಕಟವಾಗಿ ಕಾಣಬೇಕು, ಕೆಂಪು ಹಳದಿ ಹಸಿರು ಕರುಳು ಹೊರಬಿದ್ದ ಹಾಗೆ ಇರಬಾರದು ಎಂದು ಅವನೇ ಹಠ ಹಿಡಿದು ಉರುಳೆಗಟ್ಟಲೆ ಕಪ್ಪು ವೈರು ತರಿಸಿದ್ದ. ಕ್ಲ್ಯಾಂಪು, ಪಟ್ಟಿ, ಬೋಲ್ಟು ಎಲ್ಲಕ್ಕೂ ಕಪ್ಪು ಪೇಂಟ್ ಹೊಡೆಸಿದ್ದ. ಗುರುತಿಗೆ ತುದಿಯಲ್ಲಿ ಕಾಗದದ ಚೀಟಿ. ನಿನ್ನೆ ಒಂದು ಚೀಟಿ ಬಿದ್ದುಹೋಗಿತ್ತು. ಟಿಕ್ ಆದ ಎರಡು ನಿಮಿಷಕ್ಕೆ ಅವನ ಭಾವ, ಅಕ್ಕನ ಗಂಡ, ಆ ದಾರಿಯಲ್ಲಿ ಹಾದು ಹೋದವನು ನಿಂತು, "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲೋ" ಎಂದಿದ್ದ. ಅವನು ತಲೆಯಾಡಿಸಿ, "ಬ್ರೇಕ್ ಪ್ಯಾಡ್ ಇರ್ಬೇಕು ಭಾವ, ಪಕ್ಕದ ಗಾಡೀದು" ಎಂದಿದ್ದ. ಪಕ್ಕದ ಗಾಡಿಗೆ ಆಗ ಚಕ್ರವೇ ಇರಲಿಲ್ಲ. ಭಾವ ಅದನ್ನು ಗಮನಿಸದೆ ಹೋಗಿದ್ದ. ಅವನು ಗಮನಿಸಿದ್ದ, ತಾನು ಹೇಳಿಯಾದ ಮೇಲೆ.

ಅವನು ಕೆಳಗಿಳಿದು ಟಾರ್ಚಿನಿಂದ ಒಂದು ಸೆಲ್ಲು ತೆಗೆದ. ಒಂದೂವರೆ ವೋಲ್ಟು. ಅದರ ಪ್ಲಸ್ ತುದಿಯನ್ನು ಇನ್‌ಪುಟ್ಟಿಗೂ ಮೈನಸ್ ತುದಿಯನ್ನು ಎಲ್ಲ ಸೆನ್ಸರ್‌ಗಳ ಅರ್ತ್ ವೈರು ಬಂದು ಸೇರುವ ಬೋಲ್ಟಿಗೂ ಮುಟ್ಟಿಸಿದರೆ, ಬದುಕಿರುವ ಇನ್‌ಪುಟ್ ಐದರಿಂದ ಇಳಿದು ಒಂದೂವರೆ ತೋರಿಸಬೇಕು. ನಾಡಿ ನೋಡಿದ ಹಾಗೆ. ಒಂದನೆಯದಕ್ಕೆ ಮುಟ್ಟಿಸಿದ. ಐದು. ಎರಡನೆಯದು, ಐದು. ಬೆರಳು ಬೆವೆತು ಸೆಲ್ಲು ಜಾರಿ ಚಾಸಿಯೊಳಗೆ ಎಲ್ಲೋ ಬಿತ್ತು. ಇನ್ನೊಂದು ತೆಗೆದ. ಮೂರು, ನಾಲ್ಕು. ಐದು, ಐದು. ಹಾಗಾದರೆ ನಾಲ್ಕೂ ಹೋಗಿವೆ. ಇದನ್ನು ತಯಾರಿಸಿದ ಕಂಪನಿ ಬಾಗಿಲು ಹಾಕಿ ಎರಡು ವರ್ಷವಾಗಿತ್ತು, ಇನ್ನೊಂದು ಸಿಗುವುದಿಲ್ಲ. ಚಿಕ್ಕಂದಿನಲ್ಲೊಮ್ಮೆಯೂ ಹೀಗೇ ಆಗಿತ್ತು: ಒಲೆಯ ಮೇಲೆ ಹಾಲಿತ್ತು. ಅವನು ಅದೇ ಅಡುಗೆಮನೆಯಲ್ಲಿ, ಒಲೆಯಿಂದ ನಾಲ್ಕು ಅಡಿ ದೂರದಲ್ಲಿ ಗೋಡೆಗೆ ಬೆನ್ನು ಕೊಟ್ಟು ಪುಸ್ತಕ ಓದುತ್ತಿದ್ದ. ಅಮ್ಮ ಬಂದಾಗ ಪಾತ್ರೆಯ ತಳ ಕಲ್ಲಿದ್ದಲಾಗಿತ್ತು, ಮನೆ ತುಂಬ ಹೊಗೆ. ಇಲ್ಲೇ ಕೂತಿದ್ದೀಯಲ್ಲೋ, ಮೂಗಿಲ್ವಾ ನಿಂಗೆ ಎಂದು ಅಮ್ಮ ಬೆನ್ನಿಗೊಂದು ಬಿಟ್ಟಾಗ ಅವನು, ನಿದ್ದೆ ಬಂದುಬಿಟ್ಟಿತ್ತು ಎಂದಿದ್ದ. ಹನ್ನೊಂದು ವರ್ಷದ ಹುಡುಗನಿಗೆ ಮೂಗಿಲ್ಲದವನೆನಿಸಿಕೊಳ್ಳುವುದಕ್ಕಿಂತ ಸೋಮಾರಿ ಎನಿಸಿಕೊಳ್ಳುವುದು ಹಗುರವೆನಿಸಿತ್ತು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಅದೇ ಅಕ್ಕ ಈಗ ಮುಂದಿನ ಕೋಣೆಯ ಮೇಜಿನಿಂದ ಕೂಗಿದಳು: "ಡಾಕ್ಟರಮ್ಮ ಫೋನ್ ಮಾಡಿದ್ರು. ನಾಲ್ಕಕ್ಕೆ ಬರ್ತಾರಂತೆ. ನಾಳೆ ಮೇಲಿನ ಊರುಗಳಿಗೆ ಹೋಗ್ಬೇಕಂತೆ, ಏರು ಹತ್ತುತ್ತೋ ಇಲ್ವೋ ಕೇಳಿದ್ರು. ಏನ್ ಹೇಳ್ಲಿ?"

"ಹತ್ತುತ್ತೆ ಅನ್ನು."

ಆ ಮಾತು ಬಾಯಿಂದ ಹೊರಟ ವೇಗಕ್ಕೆ ಅವನಿಗೇ ಹೆದರಿಕೆಯಾಯಿತು. ಸೆನ್ಸರ್ ಇಲ್ಲದೆ ಆ ಎಂಜಿನ್ನಿನ ಸೆಟಿಂಗ್ ತಿದ್ದುವುದೆಂದರೆ ಕಣ್ಣು ಕಟ್ಟಿಕೊಂಡು ಯಾರದೋ ತಲೆಕೂದಲು ಕತ್ತರಿಸಿದ ಹಾಗೆ. ಡೀಸೆಲ್ ಒಂದಿಷ್ಟು ಹೆಚ್ಚಾದರೆ ಏರಿನ ಅರ್ಧದಲ್ಲಿ ಪಿಸ್ಟನ್ ಕರಗುತ್ತದೆ. ಆದರೆ ಹಾಗೆ ಮಾಡುವುದು ಸಾಧ್ಯವಿತ್ತು. ಬರಿಗಣ್ಣಿಗೆ ಯಾರಿಗೂ ಗೊತ್ತಾಗುವುದಿಲ್ಲ. ಅವನು ಈ ಯೋಚನೆಯನ್ನು ಒಂದು ನಿಮಿಷ ಅತ್ತಿತ್ತ ತಿರುಗಿಸಿ ನೋಡಿದ, ಅಂಗಡಿಯಲ್ಲಿ ಕೊಳ್ಳುವ ಇರಾದೆಯಿಲ್ಲದೆ ಚಪ್ಪಲಿಯನ್ನು ನೋಡುವವನ ಹಾಗೆ, ಆಮೇಲೆ ಇಟ್ಟುಬಿಟ್ಟ.

ಹನ್ನೊಂದಕ್ಕೆ ಭಾವ ಬಂದ. ಗ್ಯಾರೇಜಿನ ಯಜಮಾನ, ದಪ್ಪ ಕುತ್ತಿಗೆ, ನಿಂತಲ್ಲಿ ಕಾಲಿನಿಂದ ತಾಳ ಹಾಕುವ ಅಭ್ಯಾಸ. ಪರದೆ ನೋಡಿದ.

"ಏನಿದು, ನಾಲ್ಕೂ ಒಂದೇ?"

"ಇನ್‌ಪುಟ್ ಹೋಗಿರೋ ಹಾಗಿದೆ ಭಾವ."

"ಹೋಗಿದೆ ಅಂದ್ರೆ? ತಾನಾಗೇ ಎದ್ದು ಹೋಯ್ತಾ? ನಿನ್ನೆ ಯಾರಾದ್ರೂ ಮುಟ್ಟಿದ್ರಾ ಇದನ್ನ?"

ಒಂದು ವಾಕ್ಯ ಅವನ ಬಾಯಲ್ಲಿ ಸಿದ್ಧವಾಗಿತ್ತು. ನಿನ್ನೆ ಫ್ಯೂಸಣ್ಣ ಇಲ್ಲಿ ಬಲ್ಬು ಹಾಕುತ್ತಿದ್ದ, ಎಂಬ ವಾಕ್ಯ. ಅದು ನಿಜವೇ. ಮಧ್ಯಾಹ್ನ ಊಟದ ಹೊತ್ತಿಗೆ ಗ್ಯಾರೇಜಿನ ಹಳೆಯ ಎಲೆಕ್ಟ್ರಿಷಿಯನ್ ಆದ ಆ ಮುದುಕ ಏಣಿ ತಂದು ಈ ಅಂಕಣದ ಬಲ್ಬು ಬದಲಿಸಿ ಹೋಗಿದ್ದ. ಅಷ್ಟನ್ನೇ ಹೇಳಿದರೆ ಸಾಕು, ಮಿಕ್ಕಿದ್ದನ್ನು ಭಾವ ತಾನೇ ಸೇರಿಸಿಕೊಳ್ಳುತ್ತಾನೆ. ಹದಿನಾಲ್ಕು ತಿಂಗಳ ಹಿಂದೆಯೂ ಹಾಗೇ ಆಗಿತ್ತು. ಆಗಲೂ ಅವನು ಹೇಳಿದ್ದು ನಿಜವನ್ನೇ. ಒಂದು ಜೀಪು. ಅದರ ಡ್ಯಾಶ್‌ಬೋರ್ಡಿನ ವೈರಿಂಗ್ ಮಾಡಿದ್ದು ಫ್ಯೂಸಣ್ಣ. ಟ್ಯೂನಿಂಗಿಗೆಂದು ಇವನು ಅದರೊಳಗೆ ಗಾಜು ಏರಿಸಿಕೊಂಡು ಅರ್ಧ ಗಂಟೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ. ಲೋಹದ ಅಂಚಿಗೆ ತಿಕ್ಕಿ ಸಿಪ್ಪೆ ಹೋದ ವೈರೊಂದು ಮೊಣಕಾಲಿನ ಹತ್ತಿರವೇ ಹೊಗೆಯಾಡುತ್ತಿತ್ತು. ಬೇರೆ ಯಾರಿದ್ದರೂ ಮೊದಲ ನಿಮಿಷಕ್ಕೇ ಮೂಗು ಮುಚ್ಚಿಕೊಂಡು ಕೀಲಿ ತೆಗೆಯುತ್ತಿದ್ದರು. ಅವನು ನೋಡಿದ್ದು ಪರದೆಯ ಮೇಲೆ ಬೆಂಕಿಯ ಬೆಳಕು ಬಿದ್ದಾಗ. ಡ್ಯಾಶ್‌ಬೋರ್ಡು ಪೂರ್ತಿ ಕರಗಿಹೋಯಿತು. ಅಷ್ಟು ಹೊತ್ತು ಒಳಗೇ ಇದ್ದೆಯಲ್ಲ, ವಾಸನೆ ಬರ್ಲಿಲ್ವಾ ಎಂದು ಭಾವ ಕೇಳಿದ್ದ. ಬರಲಿಲ್ಲ, ಎಂದಿದ್ದ ಅವನು. ವಾಸನೆಯೇ ಬಾರದೆ ಹೊತ್ತಿಕೊಂಡಿತು ಎಂದರೆ ಒಂದೇಟಿಗೆ ಹೊತ್ತಿರಬೇಕು, ಒಂದೇಟಿಗೆ ಹೊತ್ತಬೇಕಾದರೆ ಜಾಯಿಂಟೇ ಸಡಿಲವಿರಬೇಕು, ಜಾಯಿಂಟ್ ಸಡಿಲವಿದ್ದರೆ ಮುದುಕನ ಕೈ ನಡುಗುತ್ತಿರಬೇಕು. ಭಾವ ಮೆಟ್ಟಿಲು ಹತ್ತಿದ ಹಾಗೆ ಒಂದೊಂದಾಗಿ ಹತ್ತಿ ತೀರ್ಮಾನಕ್ಕೆ ಬಂದಿದ್ದ. ಮಾರನೆಯ ದಿನದಿಂದ ಫ್ಯೂಸಣ್ಣನಿಗೆ ಬಲ್ಬು, ಹಾರ್ನು, ಬ್ಯಾಟರಿಗೆ ನೀರು. ವೈರಿಂಗ್ ಕೆಲಸ ಮುದುಕನ ಕೈಯಿಂದ ಇವನ ಕೈಗೆ ಬಂತು. ಆ ವಾರವೇ ಅವನು ಕಪ್ಪು ವೈರು ತರಿಸಿದ್ದ.

"ಯಾಕೋ, ಕೇಳಿದ್ದು ಕೇಳಿಸ್ಲಿಲ್ವಾ?"

"ಯಾರೂ ಮುಟ್ಟಿಲ್ಲ. ನಾನೊಬ್ಬನೇ."

ಭಾವ ಕಾಲಿನ ತಾಳ ನಿಲ್ಲಿಸಿದ. "ನಾಲ್ಕು ಗಂಟೆವರೆಗೂ ನೋಡು. ಆಗ್ಲಿಲ್ಲ ಅಂದ್ರೆ ಡಾಕ್ಟರಮ್ಮಂಗೆ ನೀನೇ ಹೇಳು. ಆ ಡಬ್ಬಿ ಕಪಾಟಿಗೆ, ನೀನು ನಾಳೆಯಿಂದ ಟೈರಿಗೆ." ಕೋಪದಲ್ಲಿ ಹೇಳಿರಲಿಲ್ಲ. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

ಭಾವ ಹೋದ ಮೇಲೆ ಅವನು ಡಿವೈಸನ್ನು ಮೂಗಿಗೆ ಹಿಡಿದ. ಇದನ್ನು ಅವನು ಒಬ್ಬನೇ ಇದ್ದಾಗ ಎಷ್ಟೋ ಸಲ, ಎಷ್ಟೋ ವಸ್ತುಗಳ ಮೇಲೆ ಮಾಡಿದ್ದ: ಸೋಪು, ಪೆಟ್ರೋಲು, ತನ್ನದೇ ಕಂಕುಳು. ಗಾಳಿ ತಣ್ಣಗೆ ಒಳಗೆ ಹೋಗುತ್ತಿತ್ತು, ಬೆಚ್ಚಗೆ ಹೊರಗೆ ಬರುತ್ತಿತ್ತು, ಸಮಾಚಾರವಿಲ್ಲ. ಸರ್ಕ್ಯೂಟ್ ಸುಟ್ಟರೆ ಅದರ ವಾಸನೆ ವಾರಗಟ್ಟಲೆ ಡಬ್ಬಿಯೊಳಗೆ ಕೂತಿರುತ್ತದೆ ಎಂದು ಕೇಳಿದ್ದ. ಡಬ್ಬಿಯ ಎರಡು ಭಾಗಗಳನ್ನು ಅಂಟು ಹಾಕಿ ಮುಚ್ಚಿದ್ದರು, ಒಡೆಯದೆ ಒಳಗೆ ನೋಡುವ ಹಾಗಿರಲಿಲ್ಲ. ಒಂದು ಮೂಗು ಬೇಕಿತ್ತು. ಶೆಡ್ಡಿನಲ್ಲಿ ಮೂಗುಗಳಿಗೆ ಬರವಿರಲಿಲ್ಲ, ಆದರೆ ಈ ಕೆಲಸಕ್ಕೆ ಬರುವ ಮೂಗು ಒಂದೇ. ಅವನು ಡಬ್ಬಿ ಹಿಡಿದುಕೊಂಡು ಹಿಂದಿನ ಬ್ಯಾಟರಿ ಕೋಣೆಯತ್ತ ನಡೆದ. ನಲವತ್ತು ಹೆಜ್ಜೆಯ ದಾರಿ. ನಡುವೆ ಒಮ್ಮೆ ಕೈ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ನಿಂತ. ಕೈ ಕೊಳಕಾಗಿರಲಿಲ್ಲ.

ಫ್ಯೂಸಣ್ಣ ಸ್ಟೂಲಿನ ಮೇಲೆ ಕೂತು ಬ್ಯಾಟರಿಯ ತುದಿಗೆ ಗ್ರೀಸ್ ಸವರುತ್ತಿದ್ದ. ಅರವತ್ತರ ಆಸುಪಾಸು, ಕಿವಿಯ ಸಂದಿಯಲ್ಲಿ ಟೆಸ್ಟರ್, ಶರ್ಟಿನ ಜೇಬಿನಲ್ಲಿ ಅಂಟುಪಟ್ಟಿಯ ಉರುಳೆ. ತಲೆ ಎತ್ತಲಿಲ್ಲ.

"ಬನ್ನಿ ಲ್ಯಾಪ್‌ಟಾಪು. ಬಲ್ಬ್ ಹೋಯ್ತಾ? ನಮ್ಮ ಡಿಪಾರ್ಟ್‌ಮೆಂಟ್ ಈಗ ಅದೇ."

"ಇದನ್ನ ಒಂದ್ಸಲ ಮೂಸಿ ನೋಡ್ತೀಯಾ ಫ್ಯೂಸಣ್ಣ?"

"ಮೂಸೋದಾ?" ಮುದುಕ ಈಗ ನೋಡಿದ. "ಯಾಕೆ, ನಿನ್ನ ಮೂಗಿಗೆ ಏನಾಗಿದೆ? ನೆಗಡಿನಾ?"

ನೆಗಡಿ ಎನ್ನಬಹುದಿತ್ತು. ಹದಿನೆಂಟು ವರ್ಷದಲ್ಲಿ ಅವನು ನೂರಾರು ನೆಗಡಿಗಳನ್ನು ಉಪಯೋಗಿಸಿ ಮುಗಿಸಿದ್ದ.

"ನಂಗೆ ವಾಸನೆ ಗೊತ್ತಾಗಲ್ಲ. ಚಿಕ್ಕಂದಿನಿಂದ."

ಗ್ರೀಸ್ ಹಿಡಿದ ಬೆರಳು ಹಾಗೇ ನಿಂತಿತು. ಫ್ಯೂಸಣ್ಣ ಅವನ ಮುಖವನ್ನಲ್ಲ, ಮೂಗನ್ನೇ ನೋಡಿದ, ಎಲ್ಲಿ ವೈರು ಬಿಟ್ಟಿದೆ ಎಂದು ಹುಡುಕುವವನ ಹಾಗೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿದ. ಆ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವನಿಗೆ ಗೊತ್ತಿತ್ತು, ಕಾದು ನಿಂತ.

"ಹಾಗಾದ್ರೆ ಆ ಜೀಪು?"

"ಹೂಂ."

"ಎಷ್ಟು ಹೊತ್ತು ಕೂತಿದ್ದೆ ಒಳಗೆ?"

"ಅರ್ಧ ಗಂಟೆ. ವೈರು ತಿಕ್ಕಿ ಸಿಪ್ಪೆ ಹೋಗಿತ್ತು. ನಿಧಾನಕ್ಕೆ ಹೊಗೆಯಾಡಿರ್ಬೇಕು. ಜಾಯಿಂಟ್ ಸರಿಯಾಗೇ ಇತ್ತು. ಆಮೇಲೆ ನಾನೇ ನೋಡಿದೆ."

"ಗಾಜು ಏರಿಸ್ಕೊಂಡು?"

"ಹೂಂ."

"ಅರ್ಧ ಗಂಟೆ ಆ ಹೊಗೆ ಕುಡಿದ್ಯಲ್ಲೋ. ಎದೆಗೇನೂ ಆಗ್ಲಿಲ್ವಾ ನಿಂಗೆ?"

ಅವನು ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತಿದ್ದ. ಈ ಪ್ರಶ್ನೆ ಎಲ್ಲೋ ಪಕ್ಕದಿಂದ ಬಂದು ಹೊಡೆಯಿತು. ಎರಡು ದಿನ ಕೆಮ್ಮು ಇತ್ತು, ಎಂದ. ಫ್ಯೂಸಣ್ಣ ಬಟ್ಟೆಗೆ ಕೈ ಒರೆಸಿಕೊಂಡ. ಒಂದೊಂದೇ ಬೆರಳು, ಬಹಳ ನಿಧಾನವಾಗಿ. "ಮನೇಲಿ ಆ ಜಾಯಿಂಟನ್ನ ಮತ್ತೆ ಮತ್ತೆ ಮಾಡಿ ನೋಡಿದೀನಿ ಕಣೋ" ಎಂದ. "ಅದೇ ವೈರು, ಅದೇ ಅಳತೆ. ನಲವತ್ತು ಸಲ ಮಾಡಿರ್ಬೇಕು. ಎಳೆದ್ರೂ ಬಿಡಲ್ಲ. ಆದ್ರೂ ಬಿಟ್ಟಿರ್ಬೇಕು ಅಂತ ನಾನೇ ಒಪ್ಕೊಂಡೆ. ಕೈ ನಡುಗ್ತಿದೆ, ನಂಗೇ ಗೊತ್ತಾಗ್ತಿಲ್ಲ ಅಂತ. ಚಹಾ ಲೋಟ ಹಿಡ್ಕೊಂಡು ಎಷ್ಟೋ ದಿನ ನೋಡ್ತಾ ಕೂತಿದ್ದೆ, ಅಲುಗುತ್ತಾ ಅಂತ." ಅವನು ಏನಾದರೂ ಹೇಳಬೇಕಿತ್ತು. ತಪ್ಪಾಯಿತು ಎನ್ನಬಹುದಿತ್ತು. ಆದರೆ ಅದು ಕಾಲು ತುಳಿದಾಗ ಹೇಳುವಷ್ಟು ಸಣ್ಣ ಮಾತೆನಿಸಿತು. "ತಪ್ಪಾಯ್ತು" ಎಂದ, ಬೇರೆ ಮಾತು ಇಲ್ಲದ್ದರಿಂದ.

"ಆಯ್ತು ಕೊಡು ಇಲ್ಲಿ" ಎಂದು ಮುದುಕ ಡಬ್ಬಿ ಕಿತ್ತುಕೊಂಡ.

ಕಣ್ಣು ಮುಚ್ಚಿ, ಡಬ್ಬಿಯ ಬೆನ್ನನ್ನು ಮೂಗಿನ ಕೆಳಗೆ ಮೌತ್ ಆರ್ಗನ್ ನುಡಿಸುವವನ ಹಾಗೆ ಈ ತುದಿಯಿಂದ ಆ ತುದಿಗೆ ಸರಿಸಿದ. ಹಿಂದೆ ಬಂದ. ಒಂದು ಕಡೆ ನಿಂತ. "ಸುಟ್ಟಿದೆ. ಇಲ್ಲಿ, ಈ ಮೂರನೇ ತೂತು. ಮಿಕ್ಕಿದ್ದು ಸುಟ್ಟಿಲ್ಲ."

"ನಾಲ್ಕೂ ಐದೇ ತೋರಿಸ್ತಿದೆ."

"ನಿನ್ನ ಅಂಕಿ ಏನಾದ್ರೂ ತೋರಿಸ್ಲಿ. ಸುಟ್ಟಿರೋದು ಇದೊಂದೇ. ಸೆಲ್ಲು ಹಿಡಿದು ನೋಡಿದ್ಯಾ? ಮೈನಸ್ಸು ಎಲ್ಲಿಗೆ ಕೊಟ್ಟೆ?"

"ಅರ್ತ್ ಬೋಲ್ಟಿಗೆ."

"ಯಾವ ಬೋಲ್ಟಿಗೆ?" ಎಂದವನು ಉತ್ತರಕ್ಕೂ ಕಾಯದೆ ಎದ್ದು ಹೊರಟ.

ಪಿಕಪ್ಪಿನ ಬಾನೆಟ್ಟಿನೊಳಗೆ ತಲೆ ಹಾಕಿ ಫ್ಯೂಸಣ್ಣ ವೈರುಗಳ ಮೇಲೆ ಬೆರಳಾಡಿಸಿದ. "ಎಲ್ಲಾ ಕಪ್ಪು" ಎಂದ. "ಇದೇನು ಎಂಜಿನ್ನೋ, ಗವಿಯೋ? ಒಳಗೆ ಹೋದವನು ವಾಪಸ್ ಬರೋಕೆ ದೀಪ ಬೇಕು." ಅರ್ತ್ ಬೋಲ್ಟಿನ ಮೇಲೆ ಉಗುರಿನಿಂದ ಕೆರೆದ. ಉಗುರಿಗೆ ಕಪ್ಪು ಹತ್ತಿತು. "ಪೇಂಟು. ಬೋಲ್ಟಿಗೂ ಪೇಂಟು, ಕೆಳಗಿನ ಪಟ್ಟಿಗೂ ಪೇಂಟು. ನಿನ್ನ ಅರ್ತು ಲೋಹನೇ ಮುಟ್ಟಿಲ್ಲ ಮಾರಾಯ, ಪೇಂಟಿನ ಮೇಲೆ ಹಾಸಿಗೆ ಹಾಸ್ಕೊಂಡು ಮಲಗಿದೆ. ಸೆನ್ಸರ್ ಏನು ಹೇಳಿದ್ರೂ ಡಬ್ಬಿಗೆ ಎಲ್ಲಿಂದ ತಲುಪ್ಬೇಕು? ನಿನ್ನ ಸೆಲ್ಲೂ ಅದೇ ಪೇಂಟಿನ ಮೇಲೆ ನಾಡಿ ನೋಡಿದೆ."

ಅವನು ಬೋಲ್ಟನ್ನು ನೋಡಿದ. ಚೆನ್ನಾಗಿತ್ತು. ಹೊಳೆಯುತ್ತಿತ್ತು. ಕಳೆದ ತಿಂಗಳು ಆ ಪಟ್ಟಿ ಪೇಂಟಾಗಿ ಬಂದಾಗ ಅದರ ಫೋಟೋ ತೆಗೆದು ಮೊಬೈಲಿನಲ್ಲಿಟ್ಟುಕೊಂಡಿದ್ದ. ಬೆಳಗಿನಿಂದ ಸೆಲ್ಲಿನ ತುದಿ, ತನ್ನ ಭಯ ಎಲ್ಲವನ್ನೂ ತಂದು ಇದೇ ಬೋಲ್ಟಿಗೆ ಒತ್ತಿದ್ದ. ಒತ್ತಿದ್ದಕ್ಕೆಲ್ಲ ಅದು ಸತ್ತಿದೆ ಎಂದೇ ಉತ್ತರ ಕೊಟ್ಟಿತ್ತು. ಬೋಲ್ಟ್ ಬಿಚ್ಚಿದ. ಉಪ್ಪುಕಾಗದ ತಂದು ತಿಕ್ಕಿದ. ಪೇಂಟು ಪುಡಿಪುಡಿಯಾಗಿ ಉದುರಿತು, ಕೆಳಗೆ ಬಿಳಿಯ ಲೋಹ ಕಂಡಿತು, ಒರಟಾಗಿ, ಗೀರುಗೀರಾಗಿ. ವೈರಿನ ತುದಿಯೂ ಪೇಂಟಿನಲ್ಲಿ ಅದ್ದಿದ ಹಾಗಿತ್ತು. ಫ್ಯೂಸಣ್ಣ ಅದನ್ನು ಒಂದು ಗೇಣು ಕತ್ತರಿಸಿ ಎಸೆದು, ಹೊಸ ತುದಿ ಕೂರಿಸಿದ. ಅವನು ಆ ಕೈಯನ್ನೇ ನೋಡುತ್ತಿದ್ದ. ಇಕ್ಕಳ ಒತ್ತಿದ ಕೈ ಕಲ್ಲಿನ ಹಾಗೆ ನಿಂತಿತ್ತು.

"ಏನ್ ನೋಡ್ತೀಯ? ನಡುಗುತ್ತಾ?"

"ಇಲ್ಲ."

"ಇನ್ನೊಂದ್ಸಲ ಹೇಳು. ಚಹಾ ಲೋಟದ ಮಾತು ನಂಬಿ ಸಾಕಾಗಿದೆ."

"ನಡುಗಲ್ಲ ಫ್ಯೂಸಣ್ಣ."

ಕೀಲಿ ತಿರುಗಿಸಿದಾಗ ಮೊದಲು ಏನೂ ಆಗಲಿಲ್ಲ, ಪರದೆ ತೆರೆದುಕೊಳ್ಳಲು ಅದರದೇ ಸಮಯ ತೆಗೆದುಕೊಂಡಿತು. ಆಮೇಲೆ ಒಂದನೆಯದು ಎರಡೂ ಕಾಲಿಗೆ ಇಳಿಯಿತು. ಎರಡನೆಯದು ಒಂದರ ಹತ್ತಿರ ನಡುಗುತ್ತ ನಿಂತಿತು. ನಾಲ್ಕನೆಯದು ಮೂರು ಚಿಲ್ಲರೆ. ಆಕ್ಸಿಲರೇಟರ್ ಒತ್ತಿದ, ಮೂರೂ ಒಂದೊಂದು ರೀತಿಯಲ್ಲಿ ಏರಿ ಇಳಿದವು. ಒಂದೇ ಮನೆಯ ಮಂದಿ ಒಂದೇ ಸುದ್ದಿಗೆ ಬೇರೆ ಬೇರೆ ಮುಖ ಮಾಡಿದ ಹಾಗೆ. ಮೂರನೆಯದು ಐದು. ಅದಕ್ಕೊಂದಕ್ಕೆ ಸೆಲ್ಲು ಹಿಡಿದ, ಹೊಸ ಅರ್ತಿನ ಮೇಲೆ. ಐದು. ಮೂಗು ಹೇಳಿದ್ದು ಸರಿಯಿತ್ತು. ಡೀಸೆಲಿನ ಒತ್ತಡ ನೋಡದಿದ್ದರೂ ಈ ಗಾಡಿಗೆ ನಡೆಯುತ್ತಿತ್ತು. ಹೊಗೆಕೊಳವೆಯ ಬಿಸಿಯ ವೈರನ್ನು ಮೂರರಿಂದ ತೆಗೆದು ನಾಲ್ಕಕ್ಕೆ ಹಾಕಿದ. ಅಂಕಿ ಬಂತು. ಸ್ಟಿಯರಿಂಗಿಗೆ ಹಣೆ ಆನಿಸಿ ಸ್ವಲ್ಪ ಹೊತ್ತು ಕೂತ. ಹಾರ್ನ್ ಆಯಿತು. ಹೊರಗೆ ಫ್ಯೂಸಣ್ಣ, "ಅದೂ ನಮ್ಮ ಡಿಪಾರ್ಟ್‌ಮೆಂಟೇ" ಎಂದ.

ಭಾವನಿಗೆ ಹೇಳುವುದು ಬಾಕಿಯಿತ್ತು. ಅದನ್ನು ಮುಂದಿನ ಕೋಣೆಯಲ್ಲಿ ಅಕ್ಕನ ಎದುರಿಗೇ ಹೇಳಿದ. ಮೂಗು, ಜೀಪು, ಅರ್ಧ ಗಂಟೆ, ನಿನ್ನೆಯ ಟಿಕ್, ಬ್ರೇಕ್ ಪ್ಯಾಡ್, ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಎಲ್ಲಿಯೂ ನಿಲ್ಲಿಸದೆ. ಭಾವನ ಕಾಲು ತಾಳ ಹಾಕಲಿಲ್ಲ. ಮುಖ ಕೆಂಪಾಯಿತು, ಆಮೇಲೆ ಇಳಿಯಿತು. "ಮೊದ್ಲೇ ಹೇಳೋಕೆ ಏನಾಗಿತ್ತು ನಿಂಗೆ ದಾಡಿ? ಆ ಮುದುಕನ ಮುಖಕ್ಕೆ ಮುಖ ಕೊಟ್ಟು ಮಾತಾಡಿ ವರ್ಷ ಆಯ್ತು ನಾನು" ಎಂದು ಎದ್ದು ಹೊರಗೆ ಹೋದ. ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು.

"ನಿಂಗೆ ಗೊತ್ತಿತ್ತಾ?" ಎಂದು ಅವನು ಕೇಳಿದ.

"ಹಾಲು ಸೀದ ದಿನದಿಂದ. ದಿನಾ ಬೆಳಿಗ್ಗೆ ಶರ್ಟ್ ಬದಲಾಯಿಸು ಶರ್ಟ್ ಬದಲಾಯಿಸು ಅಂತ ಬಾಯಿ ಬಡ್ಕೊಳ್ತಿದ್ದೆನಲ್ಲ, ಯಾಕೆ ಅಂದ್ಕೊಂಡೆ?"

"ಸುಮ್ನೆ ಗೊಣಗ್ತೀಯ ಅಂದ್ಕೊಂಡಿದ್ದೆ."

"ನೀನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಜೀಪಿನ ವಿಷಯ ಮಾತ್ರ ನಂಗೆ ಹೊಳೀಲೇ ಇಲ್ಲ ನೋಡು. ಹೊಳೀಬೇಕಿತ್ತು" ಎಂದಳು ಅಕ್ಕ. ಆಮೇಲೆ, "ಇವತ್ತೂ ಬದಲಾಯಿಸು. ಡಾಕ್ಟರಮ್ಮ ಬರೋದ್ರೊಳಗೆ" ಎಂದಳು.

ಭಾವ ಫ್ಯೂಸಣ್ಣನ ಹತ್ತಿರ ಏನು ಮಾತಾಡಿದನೋ ದೂರಕ್ಕೆ ಕೇಳಿಸಲಿಲ್ಲ. ಮಾತು ಉದ್ದವೇನೂ ಇರಲಿಲ್ಲ. ಭಾವ ಒಂದು ಕೀಲಿಗೊಂಚಲನ್ನು ಬ್ಯಾಟರಿಯ ಮೇಲಿಟ್ಟು, ವೈರಿಂಗಿಗೆಂದು ಗೇಟಿನ ಹತ್ತಿರ ನಿಂತಿದ್ದ ವ್ಯಾನಿನತ್ತ ಕೈ ತೋರಿಸಿದ. ಮುದುಕನ ಉತ್ತರ ಮಾತ್ರ ಶೆಡ್ಡಿಗೆಲ್ಲ ಕೇಳಿಸಿತು: "ಬಣ್ಣದ ವೈರು ತರಿಸಿ. ಇಲ್ಲಾಂದ್ರೆ ನಾನು ಬಲ್ಬಲ್ಲೇ ಸುಖವಾಗಿದೀನಿ."

ನಾಲ್ಕಕ್ಕೆ ಪಶುವೈದ್ಯೆ ಬಂದಳು. ಗಾಡಿಯನ್ನು ಹಿಂದಿನ ಸೇತುವೆಯ ಏರಿನ ಮೇಲೆ ಮೂರನೆಯ ಗೇರಿನಲ್ಲೇ ಹತ್ತಿಸಿ ತಿರುಗಿಸಿಕೊಂಡು ಬಂದು, "ಉಸಿರು ಬಂದಿದೆ ಇದಕ್ಕೆ" ಎಂದಳು. ಅವಳು ಹೋದ ಮೇಲೆ ಅವನು ಖಾಲಿ ಅಂಕಣವನ್ನು ಗುಡಿಸಿದ. ಕಸದ ಜೊತೆ ನಿನ್ನೆ ಬಿದ್ದ ಕಾಗದದ ಚೀಟಿ ಸಿಕ್ಕಿತು. ಮೈ ಹಗುರವಾಗಿತ್ತು, ಜ್ವರ ಬಿಟ್ಟ ಮರುದಿನದ ಹಾಗೆ. ಗೋಡೆಯ ಕರಿಹಲಗೆಯಲ್ಲಿ, ಆ ದಿನ ಹಾಳಾದ ಸಾಮಾನುಗಳನ್ನು ಸಂಜೆ ಬರೆಯುವ ಜಾಗದಲ್ಲಿ, ಅವನು ಸೀಮೆಸುಣ್ಣ ಹಿಡಿದು ಬರೆದ: ಇನ್‌ಪುಟ್ ಒಂದು, ವೈರು ಒಂದು ಗೇಣು, ಟಾರ್ಚ್ ಸೆಲ್ಲು ಒಂದು. ಫ್ಯೂಸಣ್ಣ ಮನೆಗೆ ಹೊರಟವನು ಹಲಗೆಯ ಮುಂದೆ ನಿಂತು ಓದಿದ. ಅವನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಕೆಳಗೆ ಇನ್ನೊಂದು ಸಾಲು ಸೇರಿಸಿ, ಕೈ ಒರೆಸಿಕೊಂಡು ಹೋದ.

ತಿಂಗಳು, ಹದಿನಾಲ್ಕು.